ಜೀಪು, ಗ್ಯಾರೇಜು ಮತ್ತು ನವಸಾಗರ

ಗಂಡಸರ ಹರಟೆಗೆ ಊರಿಗೊಂದು ಜಾಗ ಇದ್ದೇ ಇರುತ್ತದೆ. ಕೆಲವೂರಲ್ಲಿ ಅದು ಅರಳಿಕಟ್ಟೆ, ಕೆಲವೂರಲ್ಲಿ ಕ್ಷೌರದಂಗಡಿ. ನಮ್ಮ ಬೀದರ, ಭಾಲ್ಕಿ, ಔರಾದ ಕಡೆ ಅದು ಗ್ಯಾರೇಜು. ಬಾನೆಟ್ಟು ಎತ್ತಿಟ್ಟ ಒಂದು ಹಳೇ ಜೀಪು, ಸುತ್ತ ಐದಾರು ಮಂದಿ, ಕೈಯಲ್ಲಿ ಅರ್ಧರ್ಧ ಕಪ್ಪು ಚಹಾ. ಗೇರ್‌ಬಾಕ್ಸಿನಿಂದ ಶುರುವಾದ ಮಾತು ಕತ್ತಲಾಗುವ ಹೊತ್ತಿಗೆ ಯಾರ ಹೊಲದಲ್ಲಿ ಭಟ್ಟಿ ಇಳಿಸಿದ್ದಾರೆ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಹೆಂಗಸರಿಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಔರಾದಿನ ನನ್ನ ತವರಿನಲ್ಲಿ ಕಾಕಾನ ಗ್ಯಾರೇಜು ನಮ್ಮ ಅಡಿಗೆಮನೆಯ ಹಿಂಗೋಡೆಗೇ ಆತುಕೊಂಡಿತ್ತು. ರೊಟ್ಟಿ ಬಡಿಯುತ್ತಲೇ ಅಷ್ಟನ್ನೂ ಕೇಳಿಸಿಕೊಂಡು ಬೆಳೆದವಳು ನಾನು.

ಜೀಪು ನಮ್ಮ ಕಡೆಯದಲ್ಲ. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದವು 'ಡಿಸ್ಪೋಸಲ್' ಮಾಲಾಗಿ ಹರಾಜಾದವು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. 1948ರ ಸೆಪ್ಟೆಂಬರ್ 13ರಿಂದ ಐದು ದಿನ ನಡೆದ ಪೊಲೀಸ್ ಕಾರ್ಯಾಚರಣೆಯಲ್ಲಿ ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಮುಖ್ಯ ಪಡೆ ಸೋಲಾಪುರದ ಕಡೆಯಿಂದ ಹುಮನಾಬಾದ, ಜಹೀರಾಬಾದ ಮಾರ್ಗವಾಗಿ ಹೈದರಾಬಾದಿಗೆ ಹೋಯಿತು. ಸೈನ್ಯದ ಗಾಡಿಗಳ ಆ ಸಾಲನ್ನು ನೋಡಿದ್ದ ಮುದುಕರು ನಾನು ಚಿಕ್ಕವಳಿದ್ದಾಗ ಇನ್ನೂ ಇದ್ದರು. ಅವರಿಗೆ ಜೀಪೆಂದರೆ ಅರ್ಧ ಭಯ, ಅರ್ಧ ಬೆರಗು.

ಬೀದರ ಪಟ್ಟಣ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಕಲ್ಲಿನ ಮೇಲೆ. ಮಳೆ ಬಂದರೂ ನೀರು ಇಂಗಿ ಹೋಗುತ್ತದೆ. ಭಾಲ್ಕಿ, ಔರಾದಿನ ಕಡೆ ಇಳಿದಿರೋ, ಕಪ್ಪು ಎರೆ. ಆಷಾಢದಲ್ಲಿ ಆ ಮಣ್ಣಿನಲ್ಲಿ ಚಪ್ಪಲಿ ಇಟ್ಟರೆ ಕಾಲು ಬರುತ್ತದೆ, ಚಪ್ಪಲಿ ಬರುವುದಿಲ್ಲ. ಎತ್ತಿನ ಗಾಡಿಯೂ ಅಚ್ಚಿನ ತನಕ ಹೂತು ನಿಲ್ಲುವ ದಾರಿಯಲ್ಲಿ ಮುಂದೆ ಹೋಗುತ್ತಿದ್ದುದು ನಾಲ್ಕೂ ಗಾಲಿ ತಿರುಗುವ ಜೀಪೊಂದೇ. ಹೆರಿಗೆ ನೋವಿನ ಹೆಣ್ಣುಮಗಳನ್ನು ಬೀದರಿಗೆ ಒಯ್ಯಲಿಕ್ಕೂ ಜೀಪು, ಮದುವೆಯ ದಿಬ್ಬಣಕ್ಕೂ ಜೀಪು, ಮಂಡಿಗೆ ಉದ್ದಿನ ಚೀಲ ಹಾಕಲಿಕ್ಕೂ ಅದೇ ಜೀಪು.

ಇಂಥ ಗಾಡಿಯನ್ನು ಕಂಪನಿ ಕೊಟ್ಟ ಹಾಗೆಯೇ ಯಾರು ಇಟ್ಟುಕೊಳ್ಳುತ್ತಾರೆ ಹೇಳಿ? 1973ರ ನಂತರ ಪೆಟ್ರೋಲಿನ ಬೆಲೆ ಏರಿತು. ಗ್ಯಾರೇಜಿನವರು ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವ ವಿದ್ಯೆ ಕಲಿತರು. ಚಾಸಿಸ್ಸಿಗೆ ಪಟ್ಟಿ ಬೆಸೆದು ಉದ್ದ ಮಾಡಿದರು, ಹಿಂದೆ ಎದುರುಬದುರು ಬೆಂಚು ಹಾಕಿ ಹದಿನೈದು ಮಂದಿಯನ್ನು ತುಂಬಿದರು. ಒಂದರ ಆಕ್ಸಲ್ಲು, ಇನ್ನೊಂದರ ಸ್ಟೇರಿಂಗು, ಮೂರನೆಯದರ ರೇಡಿಯೇಟರು. ನಮ್ಮಲ್ಲಿ ಹಳೇ ಸೀರೆಗಳಿಂದ ಕೌದಿ ಹೊಲಿಯುತ್ತಾರಲ್ಲ, ಥೇಟು ಹಾಗೇ.

ಈ ಕಥೆಯಲ್ಲಿ ನವಸಾಗರ ಬರುವುದು ಇಲ್ಲಿಯೇ. ಕಿರಾಣಿ ಅಂಗಡಿಯಲ್ಲಿ ಸಿಗುವ ಬಿಳೀ ಹರಳು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಕಾದ ಪಾತ್ರೆಯಲ್ಲಿ ಅದರ ಪುಡಿ ಉದುರಿಸಿ ಹತ್ತಿಯಿಂದ ತಿಕ್ಕಿದರೆ ಬುಸ್ಸೆಂದು ಬಿಳಿ ಹೊಗೆ ಏಳುವುದನ್ನು ನೀವೂ ನೋಡಿರಬೇಕು. ಬೀದರಿನ ಬಿದ್ರಿ ಕಸಬುದಾರರು ಸತು, ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೊನೆಗೆ ಬಿಸಿಲು ಮಳೆ ಕಾಣದ ಕೋಟೆಯ ಮಣ್ಣಿನ ಜೊತೆ ನವಸಾಗರ ಬೆರೆಸಿ ಉಜ್ಜುತ್ತಾರೆ. ಎರಕ ಕಪ್ಪಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಗ್ಯಾರೇಜಿನಲ್ಲಿ ರೇಡಿಯೇಟರಿನ ತೂತಿಗೆ ಬೆಸುಗೆ ಹಾಕುವಾಗ ಕಾದ ಕಟ್ಟಿಗೆಯನ್ನು ಉಜ್ಜುವುದೂ ಇದರ ಮೇಲೆಯೇ. ನಾಲ್ಕನೆಯ ಉಪಯೋಗ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ: ಬೆಲ್ಲದ ಕೊಳೆಗೆ ಬಿದ್ದು ಕಳ್ಳಭಟ್ಟಿ ಸೇರುವುದು. ಸೇರುಗಟ್ಟಲೆ ಬೆಲ್ಲ, ಜೊತೆಗೆ ನವಸಾಗರ ಕೇಳಿದ ಗಿರಾಕಿಯ ಮುಖವನ್ನು ಅಂಗಡಿಯವರು ಒಮ್ಮೆ ನೋಡಿ ಸುಮ್ಮನಾಗುತ್ತಿದ್ದರು.

ಕುಡಿತ ಈ ಸೀಮೆಗೆ ಹೊಸದೇನಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವರಿದ್ದರು. ಹೆಂಡ ಮಾರುವ ಕಾಯಕದವರೇ ವಚನ ಬರೆದರು. ನಿಜಾಮರ ಕಾಲದಲ್ಲಿ ಈಚಲ ಮರದ ಸಿಂದಿ, ಇಪ್ಪೆ ಹೂವಿನ ಸಾರಾಯಿ ಎರಡೂ ಸರ್ಕಾರದ ದೊಡ್ಡ ಆದಾಯ. ಮರಕ್ಕೆ ಇಷ್ಟೆಂದು ತೆರಿಗೆ, ಅಂಗಡಿ ಗುತ್ತಿಗೆಗೆ ಹರಾಜು. ಫಸಲಿ 1316ರಲ್ಲಿ, ಅಂದರೆ ಕ್ರಿ.ಶ. 1906-07ರ ಸುಮಾರಿಗೆ, ಹೈದರಾಬಾದ್ ಅಬಕಾರಿ ಕಾಯಿದೆಯೇ ಬಂತು. ನಮ್ಮ ಭಾಗದಲ್ಲಿ ಕೇಳಿಬರುವ 'ಗುತ್ತೇದಾರ' ಎಂಬ ಮನೆತನದ ಹೆಸರಿನಲ್ಲಿ ಆ ಗುತ್ತಿಗೆಯ ಕಾಲ ಇನ್ನೂ ಉಳಿದಿದೆ. ತೆರಿಗೆ ಕೊಟ್ಟು ಕುಡಿಯಲಾರದವರು ತಾವೇ ಕಾಸಿಕೊಂಡರು. 1956ರ ನವೆಂಬರ್ 1ರಂದು ಹಳೇ ಬೀದರ ಜಿಲ್ಲೆ ಮೂರು ಪಾಲಾಯಿತು: ಉದಗೀರ, ನಿಲಂಗಾ ಮರಾಠಿ ಸೀಮೆಗೆ, ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಒಂದೇ ಸೀಮೆಯಲ್ಲಿ ಮೂರು ರಾಜ್ಯಗಳ ಮೂರು ಅಬಕಾರಿ ಕಾನೂನು. ಒಂದು ಕಡೆ ಬಿಗಿಯಾದರೆ ಇನ್ನೊಂದು ಕಡೆಯಿಂದ ಮಾಲು. ಆ ಎರೆ ದಾರಿಗಳಲ್ಲಿ ರಾತ್ರಿ ದೀಪ ಆರಿಸಿ ಹೋಗಬಲ್ಲ ಗಾಡಿ ಯಾವುದಿತ್ತೆಂದು ಬೇರೆ ಹೇಳಬೇಕೆ?

ಕಾಕಾನ ಗ್ಯಾರೇಜಿನಲ್ಲಿ ಒಬ್ಬ ಮಿಸ್ತ್ರಿ ಇದ್ದ. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುವವನು. ಡೀಸೆಲ್ಲನ್ನು ಬೆರಳಲ್ಲಿ ಅದ್ದಿ ಮೂಸಿ, "ಇದರಾಗ ಸೀಮೆಎಣ್ಣಿ ಕೂಡ್ಯದ, ಹಾಕಬ್ಯಾಡ್ರಿ" ಎಂದುಬಿಡುತ್ತಿದ್ದ. 1980ರ ದಶಕದ ಒಂದು ರಾತ್ರಿ ಎಲ್ಲಿಂದಲೋ ಬಂದ ಕ್ಯಾನಿನ ಸಾರಾಯಿ ಕುಡಿದವನಿಗೆ ಬೆಳಗ್ಗೆ ಕಣ್ಣು ಮಂಜಾಯಿತು. ಅವನೇ ಕಟ್ಟಿ ನಿಲ್ಲಿಸಿದ ಜೀಪಿನಲ್ಲಿ ಕಾಕಾ ಬೀದರಿಗೆ ಒಯ್ದ, ಸುಮಾರು ನಲವತ್ತು ಕಿಲೋಮೀಟರ್. ಬದುಕಲಿಲ್ಲ.

ಹದಿನೈದು ದಿನದ ಮೇಲೆ ಅವನ ಹೆಂಡತಿ ಗ್ಯಾರೇಜಿಗೆ ಬಂದಳು. ಅವಳ ಮಾತನ್ನು ನಾನು ಗೋಡೆಯ ಈಚೆಗೆ ನಿಂತು ಕೇಳಿದೆ: "ಮಾಮಾ, ಗಾಡಿ ಹೊಟ್ಟಿಗಿ ಏನ್ ಹಾಕಬೇಕಂತ ಇಷ್ಟ್ ಮಂದಿ ಕೂತು ವಿಚಾರ ಮಾಡ್ತೀರಿ. ನಿಮ್ಮ ಹೊಟ್ಟಿಗಿ ಏನ್ ಹಾಕ್ಲತ್ತೀರಿ ಅಂತ ಒಬ್ಬರರೆ ಕೇಳೀರೇನು?" ಯಾರೂ ಉತ್ತರ ಕೊಡಲಿಲ್ಲ. ಮರುವಾರದಿಂದ ಅವಳು ಅಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಜೀಪಿನ ತಾಡಪತ್ರಿ ಹುಡ್ಡು, ಸೀಟಿನ ರೆಕ್ಸಿನ್ನು ಹೊಲಿಯತೊಡಗಿದಳು. ಮೂರು ಮಕ್ಕಳನ್ನು ಆ ಸೂಜಿಯಿಂದಲೇ ಬೆಳೆಸಿದಳು.

ಅವಳ ಪ್ರಶ್ನೆಗೆ ರಸಾಯನಶಾಸ್ತ್ರದ ಉತ್ತರ ಸರಳ. ಮದ್ಯಸಾರದಲ್ಲಿ ಇಥೈಲ್, ಮಿಥೈಲ್ ಎಂದು ಅಕ್ಕತಂಗಿಯರಿದ್ದಾರೆ. ನೋಡಲು ಒಂದೇ, ವಾಸನೆಯೂ ಹೆಚ್ಚುಕಡಿಮೆ ಒಂದೇ. ಮಿಥೈಲ್ ಕಾರ್ಖಾನೆಯ ಸರಕು. ಹೊಟ್ಟೆಗೆ ಹೋದರೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಲಾಭಕ್ಕಾಗಿ ಅದನ್ನು ಬೆರೆಸುವವರಿದ್ದಾರೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರರಷ್ಟು ಜನ ಸತ್ತದ್ದು ಕಳ್ಳಸಾರಾಯಿಯಿಂದ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲೇ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜೀವ ಹೋಯಿತು.

ಹಾಗಾದರೆ ನಿಷೇಧವೇ ತಪ್ಪೆ? ಅಷ್ಟು ಸುಲಭವಾಗಿ ಹೇಳಲಾರೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅಕ್ಷರ ಕಲಿಯಲು ಸೇರಿದವರು ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಕಿಡಿ ಆಂಧ್ರವೆಲ್ಲ ಹಬ್ಬಿ 1993ರಲ್ಲಿ ಸಾರಾಯಿ, 1995ರ ಜನವರಿಯಲ್ಲಿ ಎಲ್ಲ ಮದ್ಯವೂ ನಿಂತಿತು. 1997ರಲ್ಲಿ ಬೊಕ್ಕಸದ ನೆಪ ಹೇಳಿ ಮತ್ತೆ ತೆರೆದರು. ಎರಡೇ ವರ್ಷವಾದರೂ ಆ ಹೆಂಗಸರ ಮಾತಿಗೆ ಒಂದು ಸರ್ಕಾರ ಬಗ್ಗಿತ್ತು ಎಂಬುದನ್ನು ನಾನು ಚಿಕ್ಕದೆಂದು ಎಣಿಸುವುದಿಲ್ಲ.

ಗ್ಯಾರೇಜುಗಳ ಕಾಲ ಈಗ ಬದಲಾಗಿದೆ. ಕಂಪನಿಯ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬೀದರಿನ ಹುಡುಗರಿಗೆ 'ಥಾರ್' ಜೀಪಿನ ಹುಚ್ಚು. ಅದರ ಚಿತ್ರ ತೆಗೆಯಲಿಕ್ಕಾದರೂ ಕೆಸರು ಹುಡುಕಿಕೊಂಡು ಹೋಗುತ್ತಾರೆ. ನಾವು ಕೆಸರು ತಪ್ಪಿಸಲು ಜೀಪು ಹತ್ತಿದವರು.

ಅಬಕಾರಿಯ ಇತಿಹಾಸ ಬರೆಯುವವರಿಗೆ ಬೊಕ್ಕಸಕ್ಕೆ ಬಂದ ಹಣದ ದಫ್ತರ ಸಿಗುತ್ತದೆ. ಮನೆಯಿಂದ ಹೋದದ್ದರ ಲೆಕ್ಕ ಇರುವುದು ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ: ಯಾವ ವರ್ಷ ತಾಳಿಯ ಗುಂಡು ಅಡ ಹೋಯಿತು, ಯಾವ ಹಬ್ಬಕ್ಕೆ ಬೆಲ್ಲ ಸಾಲಲಿಲ್ಲ, ಯಾವ ರಾತ್ರಿ ಜೀಪು ಬಾಗಿಲಿಗೆ ಬಂತು. ನಿಮ್ಮ ಓಣಿಯಲ್ಲೂ ಅಂಥವರಿದ್ದಾರೆ. ಕೇಳಿ, ಇಸವಿ ಹಾಕಿ ಬರೆದಿಡಿ.