ಮಾದರಿ ರೈಲು ವ್ಯಾಗನ್‌ಗಳ ಸಸ್ಪೆನ್ಷನ್

ಮಾದರಿ ರೈಲು ವ್ಯಾಗನ್‌ಗಳ ಸಸ್ಪೆನ್ಷನ್ ಎಂಬುದು, ಕಿಟ್‌ನ ಬಿಡಿಭಾಗಗಳಿಂದ ಜೋಡಿಸಿದ ಪುಟ್ಟ ಸರಕು ವ್ಯಾಗನ್‌ನ ಎಲ್ಲ ಚಕ್ರಗಳೂ ಏಕಕಾಲದಲ್ಲಿ ಹಳಿಯನ್ನು ಮುಟ್ಟಿಕೊಂಡಿರುವಂತೆ ಮಾಡುವ ಯಾಂತ್ರಿಕ ಏರ್ಪಾಡು. ಬ್ರಿಟನ್ನಿನಲ್ಲಿ ಪ್ರಚಲಿತವಾಗಿರುವ, ಒಂದು ಅಡಿಗೆ 4 ಮಿ.ಮೀ. ಪ್ರಮಾಣದ (1:76.2) ನಾಲ್ಕು ಚಕ್ರದ ವ್ಯಾಗನ್‌ಗಳಲ್ಲಿ ಇದರ ಆಯ್ಕೆಯು ಹೆಚ್ಚು ಚರ್ಚೆಗೆ ಒಳಗಾಗಿರುವ ವಿಷಯವಾಗಿದೆ.

ಹಿನ್ನೆಲೆ

ಬ್ರಿಟನ್ನಿನ ನೈಜ ರೈಲುಹಳಿಗಳ ನಡುವಿನ ಅಂತರ 1435 ಮಿ.ಮೀ. ಇದನ್ನು 4 ಮಿ.ಮೀ. ಪ್ರಮಾಣಕ್ಕೆ ಇಳಿಸಿದರೆ 18.83 ಮಿ.ಮೀ. ಆಗುತ್ತದೆ. ಆದರೆ ಒಂದೇ ಪ್ರಮಾಣದಲ್ಲಿ ಮೂರು ಬಗೆಯ ಹಳಿಗಳು ಬಳಕೆಯಲ್ಲಿವೆ: ಅಂಗಡಿಗಳಲ್ಲಿ ಸಿದ್ಧವಾಗಿ ದೊರೆಯುವ ಓಓ (16.5 ಮಿ.ಮೀ.), ಇಎಂ (18.2 ಮಿ.ಮೀ.) ಮತ್ತು ನೈಜ ಅಳತೆಯನ್ನೇ ಅನುಸರಿಸುವ ಪಿ4 (18.83 ಮಿ.ಮೀ.).

ಗಡುಸಾದ ಚೌಕಟ್ಟಿಗೆ ಬಿಗಿದ ನಾಲ್ಕು ಚಕ್ರಗಳ ಸ್ಥಿತಿಯು ಸಮತಟ್ಟಲ್ಲದ ನೆಲದ ಮೇಲಿಟ್ಟ ನಾಲ್ಕು ಕಾಲಿನ ಸ್ಟೂಲಿನಂತೆಯೇ ಇರುತ್ತದೆ. ಮೂರು ಊರಿದಾಗ ನಾಲ್ಕನೆಯದು ತೇಲುತ್ತದೆ. ನೈಜ ವ್ಯಾಗನ್‌ನಲ್ಲಿ ಪ್ರತಿಯೊಂದು ಆಕ್ಸಲ್ ಬಾಕ್ಸ್‌ನ ಮೇಲೂ ಪಟ್ಟಿ ಸ್ಪ್ರಿಂಗ್ ಇದ್ದು, ಹಲವು ಟನ್ ತೂಕ ಅದನ್ನು ಅದುಮುತ್ತದೆ. ಮಾದರಿಯಲ್ಲಿ ಈ ಎರಡೂ ಇರುವುದಿಲ್ಲ.

ಚಕ್ರ ಎಷ್ಟು ತೇಲಿದರೆ ಅಪಾಯ ಎಂಬುದನ್ನು ಅದರ ಫ್ಲ್ಯಾಂಜ್, ಅಂದರೆ ಹಳಿಯ ಒಳಬದಿಗೆ ಇಳಿಯುವ ಅಂಚು, ನಿರ್ಧರಿಸುತ್ತದೆ. ಓಓ ವ್ಯಾಗನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಆರ್‌ಪಿ-25 ಮಾದರಿಯ ಚಕ್ರದಲ್ಲಿ ಈ ಅಂಚಿನ ಆಳ ಸುಮಾರು 0.64 ಮಿ.ಮೀ.; ಪಿ4 ಚಕ್ರದಲ್ಲಿ 0.4 ಮಿ.ಮೀ.ಗಿಂತಲೂ ಕಡಿಮೆ. ಹಾಗಾಗಿ ಓಓ ಹಳಿಯಲ್ಲಿ ಗಮನಕ್ಕೇ ಬಾರದ ಒಂದು ತಿರುಚು, ಪಿ4 ವ್ಯಾಗನ್ ಹಳಿ ತಪ್ಪಲು ಸಾಕಾಗುತ್ತದೆ.

ವಿಧಗಳು

ಗಡುಸು ಜೋಡಣೆಯಲ್ಲಿ ಚಕ್ರಗಳಿಗೆ ಪ್ರತ್ಯೇಕ ಚಲನೆ ಇಲ್ಲ. ಬಹುಪಾಲು ಪ್ಲಾಸ್ಟಿಕ್ ಕಿಟ್‌ಗಳು ಹೀಗೆಯೇ ರೂಪಿತವಾಗಿವೆ. ಗಾಜಿನ ಹಲಗೆಯ ಮೇಲಿಟ್ಟು ನಾಲ್ಕೂ ಚಕ್ರ ತಾಗುವಂತೆ ಜೋಡಿಸಿದ ವ್ಯಾಗನ್ ಓಓ ಹಳಿಯಲ್ಲಿ ಸಮರ್ಪಕವಾಗಿ ಓಡುತ್ತದೆ. ಅಲ್ಲಿ ಇದಕ್ಕಿಂತ ಹೆಚ್ಚಿನದು ಬಹುಮಟ್ಟಿಗೆ ಅನಗತ್ಯ.

ಕಾಂಪೆನ್ಸೇಷನ್ ಎಂಬುದು ಮೂರು ಬಿಂದುಗಳ ಆಧಾರದ ತತ್ತ್ವವನ್ನು ಅವಲಂಬಿಸಿದೆ. ಒಂದು ಆಕ್ಸಲ್ ಸ್ಥಿರವಾಗಿದ್ದು, ಇನ್ನೊಂದು ವ್ಯಾಗನ್‌ನ ಉದ್ದಕ್ಕೆ ಸಮಾನಾಂತರವಾದ ಮಧ್ಯದ ಕಡ್ಡಿಯ ಮೇಲೆ ತಕ್ಕಡಿಯಂತೆ ಎಡಬಲಕ್ಕೆ ತೂಗುತ್ತದೆ. ಇದರ ಘಟಕಗಳನ್ನು ಹಿತ್ತಾಳೆ ಅಥವಾ ನಿಕಲ್ ಸಿಲ್ವರ್ ತಗಡಿನಿಂದ ಮಡಚಿ ಮಾಡಲಾಗುತ್ತದೆ. ಸ್ಥಿರ ಆಕ್ಸಲ್ ವಾಲಿದಂತೆ ವ್ಯಾಗನ್‌ನ ಮೈಯೂ ವಾಲುವುದು ಇದರ ಕೊರತೆ. ಭಾರಕೇಂದ್ರ ಬಹಳ ಎತ್ತರದಲ್ಲಿದ್ದರೆ ಸ್ಥಿರತೆಯೂ ಕುಗ್ಗುತ್ತದೆ.

ಸ್ಪ್ರಿಂಗ್ ಸಸ್ಪೆನ್ಷನ್‌ನಲ್ಲಿ ಪ್ರತಿ ಬೇರಿಂಗ್ ತನ್ನದೇ ಜಾರುಗಂಡಿಯಲ್ಲಿ ಮೇಲೆ ಕೆಳಗೆ ಚಲಿಸುತ್ತದೆ. ತೆಳುವಾದ ಉಕ್ಕಿನ ತಂತಿ ಅದನ್ನು ಒತ್ತಿ ಹಿಡಿಯುತ್ತದೆ. ಓಟ ನಯವಾಗಿದ್ದು ಸದ್ದು ಕಡಿಮೆಯಾಗುತ್ತದೆ. ಆದರೆ ಇದು ತೂಕದ ಲೆಕ್ಕವನ್ನು ಕೇಳುವ ವಿಧಾನ.

ತೂಕ ಮತ್ತು ಸ್ಪ್ರಿಂಗ್

ಒಂದು ಆಕ್ಸಲ್‌ಗೆ 25 ಗ್ರಾಂ, ಅಂದರೆ ನಾಲ್ಕು ಚಕ್ರದ ವ್ಯಾಗನ್‌ಗೆ 50 ಗ್ರಾಂ ಎಂಬುದು ಈ ಪ್ರಮಾಣದಲ್ಲಿ ರೂಢಿಯಲ್ಲಿರುವ ಗುರಿ. ಆಗ ಪ್ರತಿ ಚಕ್ರದ ಪಾಲು 12.5 ಗ್ರಾಂ. ನಿಂತಿರುವಾಗ ತಂತಿಯು 0.5 ಮಿ.ಮೀ. ಬಾಗಿದ್ದರೆ, ಹಳಿಯು ಅಷ್ಟು ಕುಸಿಯುವವರೆಗೂ ಚಕ್ರ ಅದನ್ನು ಹಿಂಬಾಲಿಸಬಲ್ಲದು. ಅದೇ ತಂತಿಗಳನ್ನು 25 ಗ್ರಾಂ ತೂಕದ ವ್ಯಾಗನ್‌ಗೆ ಹಾಕಿದರೆ ಬಾಗುವಿಕೆ 0.25 ಮಿ.ಮೀ.ಗೆ ಇಳಿದು, ಸ್ಪ್ರಿಂಗ್ ಇದ್ದೂ ವ್ಯಾಗನ್ ಗಡುಸು ಜೋಡಣೆಯ ಹತ್ತಿರಕ್ಕೆ ಬರುತ್ತದೆ. ತಂತಿಯ ಬಿಗುಪು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ, 0.009 ಅಂಗುಲದ ಬದಲು 0.010 ಅಂಗುಲದ ತಂತಿ ಬಳಸಿದರೂ ಬಿಗುಪು ಸುಮಾರು ಒಂದೂವರೆ ಪಟ್ಟಾಗುತ್ತದೆ. ಆದ್ದರಿಂದ ಮೊದಲು ತೂಕ, ಅನಂತರ ತಂತಿ ಎಂಬ ಕ್ರಮ ಸೂಕ್ತ.

ಈ ಕಾರಣದಿಂದಲೇ ಖಾಲಿಯಾಗಿ ತೋರಿಸಬೇಕಾದ ತೆರೆದ ವ್ಯಾಗನ್‌ಗಳಿಗೆ ಕಾಂಪೆನ್ಸೇಷನ್ ಹೆಚ್ಚು ಹೊಂದುತ್ತದೆ: ಅವುಗಳಲ್ಲಿ ತೂಕ ಅಡಗಿಸಲು ಅಡಿಭಾಗದ ಸ್ವಲ್ಪ ಜಾಗವಷ್ಟೇ ಇದೆ, ತೂಗುವ ಆಕ್ಸಲ್ ತೂಕ ಕಡಿಮೆಯಿದ್ದರೂ ಕೆಲಸ ಮಾಡುತ್ತದೆ. ಮುಚ್ಚಿದ ವ್ಯಾನ್‌ಗಳಿಗೂ ಕಲ್ಲಿದ್ದಲು ತುಂಬಿದಂತೆ ತೋರುವ ವ್ಯಾಗನ್‌ಗಳಿಗೂ ಸ್ಪ್ರಿಂಗ್ ಒಳ್ಳೆಯ ಆಯ್ಕೆ. ತೂಕಕ್ಕೆ ಸೀಸದ ಗುಂಡುಗಳನ್ನು ಬಳಸುವಾಗ ಅವನ್ನು ಪಿವಿಎ ಅಂಟಿನಿಂದ ಕೂರಿಸಬಾರದು. ಸೀಸವು ಕ್ರಮೇಣ ರಾಸಾಯನಿಕ ಕ್ರಿಯೆಗೆ ಒಳಗಾಗಿ ಉಬ್ಬಿ, ವರ್ಷಗಳ ಬಳಿಕ ವ್ಯಾಗನ್‌ನ ಮೈಯನ್ನೇ ಸೀಳಬಹುದು. ಎಪಾಕ್ಸಿ ಅಂಟು ಸುರಕ್ಷಿತ.

ಜೋಡಣೆ

ಬ್ರಿಟಿಷ್ ವ್ಯಾಗನ್‌ಗಳಲ್ಲಿ ಆಕ್ಸಲ್ ಬಾಕ್ಸನ್ನು ಹಿಡಿಯುವ ಕಬ್ಬಿಣದ ಚೌಕಟ್ಟಿಗೆ ಅದರ ಆಕಾರದಿಂದಾಗಿ ಡಬ್ಲ್ಯೂ-ಐರನ್ ಎಂಬ ಹೆಸರಿದೆ. ಲೋಹದ ಘಟಕ ಕೂರಿಸುವಾಗ ಕಿಟ್‌ನ ಪ್ಲಾಸ್ಟಿಕ್ ಡಬ್ಲ್ಯೂ-ಐರನ್‌ಗಳನ್ನು ಕತ್ತರಿಸಿ ತೆಗೆಯಬೇಕು, ಇಲ್ಲವೇ ಆಕ್ಸಲ್ ಬಾಕ್ಸ್‌ನ ಹಿಂಬದಿಯನ್ನು ಬೇರಿಂಗ್ ಚಲಿಸುವಷ್ಟು ಟೊಳ್ಳು ಮಾಡಬೇಕು. ಈ ಹಂತದಲ್ಲಿ ಬೇರಿಂಗ್ ಎಲ್ಲಾದರೂ ತಗುಲಿಕೊಂಡರೆ ಸಸ್ಪೆನ್ಷನ್ ಹೆಸರಿಗಷ್ಟೇ ಉಳಿಯುತ್ತದೆ.

ಆಕ್ಸಲ್‌ಗಳ ನಡುವಿನ ಅಂತರ ಎರಡೂ ಬದಿಯಲ್ಲಿ ಸಮನಾಗಿರಬೇಕು. ನೈಜ 9 ಅಡಿ ಅಂತರ ಮಾದರಿಯಲ್ಲಿ 36 ಮಿ.ಮೀ., 10 ಅಡಿ ಅಂತರ 40 ಮಿ.ಮೀ. ಆಕ್ಸಲ್‌ಗಳು ಓರೆಯಾಗಿರುವ ವ್ಯಾಗನ್‌ಗೆ ಎಂತಹ ಸ್ಪ್ರಿಂಗೂ ನೆರವಾಗದು. ಅದಕ್ಕಿಂತ ನೇರವಾಗಿ ಕೂಡಿಸಿದ ಗಡುಸು ವ್ಯಾಗನ್ನೇ ಮೇಲು. ಬಫರ್‌ನ ಮಧ್ಯಬಿಂದು ಹಳಿಯಿಂದ ಸುಮಾರು 14 ಮಿ.ಮೀ. ಎತ್ತರದಲ್ಲಿರಬೇಕಾದ ಕಾರಣ, ಘಟಕದ ಕೆಳಗೆ ತೆಳು ಹಾಳೆ ಸೇರಿಸುವ ಅಥವಾ ವ್ಯಾಗನ್‌ನ ತಳವನ್ನು ಉಜ್ಜುವ ಕೆಲಸವೂ ಬರಬಹುದು. ಚೂಪುತುದಿಯ ಆಕ್ಸಲ್‌ನ ಉದ್ದ ಸಾಮಾನ್ಯವಾಗಿ 26 ಮಿ.ಮೀ. ಇದು ಮೂರೂ ಬಗೆಯ ಹಳಿಗಳಿಗೆ ಸಮಾನವಾಗಿರುವುದರಿಂದ, ಓಓ ವ್ಯಾಗನ್‌ಗೆ ಇಂದು ಕೂರಿಸಿದ ಘಟಕವನ್ನು ಮುಂದೆ ಇಎಂ ಅಥವಾ ಪಿ4ಗೆ ಬದಲಾಯಿಸುವಾಗ, ಬ್ರೇಕ್ ಕಟ್ಟೆಗಳು ಹೊಸ ಚಕ್ರಗಳಿಗೆ ಅಡ್ಡಬಾರದಿದ್ದರೆ, ಹಾಗೆಯೇ ಉಳಿಸಿಕೊಳ್ಳಬಹುದು.

ಬೋಗಿ ವ್ಯಾಗನ್‌ಗಳು

ಎಂಟು ಚಕ್ರದ ವ್ಯಾಗನ್‌ಗಳಲ್ಲಿ ಒಂದು ಬೋಗಿಯು ಹಿಂದುಮುಂದಕ್ಕೆ ಮಾತ್ರ, ಇನ್ನೊಂದು ಎಲ್ಲ ದಿಕ್ಕಿಗೂ ತೂಗುವಂತೆ ಬಿಟ್ಟರೆ ಮೈಗೆ ಮೂರು ಬಿಂದುಗಳ ಆಧಾರ ದೊರೆಯುತ್ತದೆ. ಪಿ4ನಲ್ಲಿ ಇದರ ಜೊತೆಗೆ ಬೋಗಿಯ ಒಳಗೂ ಕಾಂಪೆನ್ಸೇಷನ್ ಅಥವಾ ಸ್ಪ್ರಿಂಗ್ ಅಳವಡಿಸುವುದು ವಾಡಿಕೆ.