ಇಲ್ಲ ಅನ್ನೋದೂ ಒಂದು ಧರ್ಮವೇ?

"ದೇವರಿಲ್ಲ ಅಂತೀರಲ್ಲ, ಅದೂ ಒಂದು ನಂಬಿಕೆಯೇ ಅಲ್ವೇನ್ರಪ್ಪಾ? ನಿಮ್ಮದೂ ಒಂದು ಮತವೇ ಆಯ್ತಲ್ಲ!"

ಹಳ್ಳಿಗಳಲ್ಲಿ ಹಾಡು ಹೇಳಿ, ಭಾಷಣ ಮುಗಿಸಿ, ಚಹಾದಂಗಡಿ ಮುಂದೆ ನಿಂತಾಗಲೆಲ್ಲ ಈ ಪ್ರಶ್ನೆ ನಮ್ಮನ್ನು ಹಿಡಿದುಕೊಳ್ಳುತ್ತದೆ. ಕೇಳುವವರು ಎರಡು ಥರ. ಒಬ್ಬ ಮೇಲಿನ ಬೀದಿಯವನು. ನಿಮ್ಮದೂ ಮತ, ನಮ್ಮದೂ ಮತ, ಲೆಕ್ಕ ಚುಕ್ತಾ ಆಯ್ತು, ಇನ್ನು ಗುಡಿ ಬಾಗಿಲ ಮಾತು ಎತ್ತಬೇಡಿ ಅನ್ನೋದು ಅವನ ಹೊಟ್ಟೆಯೊಳಗಿನ ಮಾತು. ಇನ್ನೊಬ್ಬರು ನಮ್ಮ ಅವ್ವಂದಿರು. ಅವರಿಗೆ ವಾದ ಬೇಕಿಲ್ಲ. "ಮಾರಮ್ಮ ಇಲ್ಲ ಅಂದ್ರೆ ಕಷ್ಟ ಬಂದಾಗ ನಾನು ಯಾರನ್ನ ಬೈಲಿ ಮಗಾ? ಆ ಜಾಗದಲ್ಲಿ ಏನಿಡ್ತೀಯ?" ಅಂತ ಕೇಳುತ್ತಾರೆ.

ಮೊದಲನೆಯವನಿಗೆ ಉತ್ತರ ಕೊಡೋದು ಸುಲಭ. ಅವ್ವನಿಗೆ ಕೊಡಬೇಕಾದರೆ ಚರಿತ್ರೆಯನ್ನು ಕೆದಕಲೇಬೇಕು. ನಾವು ಓದು ಕಲಿತ ಮೊದಲ ತಲೆಮಾರಿನವರು. ನಮ್ಮ ಮನೆಗಳಲ್ಲಿ ಈ ಚರಿತ್ರೆ ಹೇಳುವ ತಾತಂದಿರು ಇರಲಿಲ್ಲ. ಆದ್ದರಿಂದ ನಾವೇ ಹುಡುಕಿಕೊಳ್ಳಬೇಕಾಯಿತು.

ಮೊದಲು 'ನಾಸ್ತಿಕ' ಅನ್ನೋ ಮಾತನ್ನೇ ಹಿಡಿಯೋಣ. ದೇವರಿಲ್ಲ ಅನ್ನುವವನು ನಾಸ್ತಿಕ ಎಂದು ಶಾಲೆಯಲ್ಲಿ ಕಲಿತೆವು. ಆದರೆ ಈ ನೆಲದ ಹಳೆಯ ಅರ್ಥ ಅದಲ್ಲ. ಮನುಸ್ಮೃತಿಯ ಎರಡನೇ ಅಧ್ಯಾಯ ನಾಸ್ತಿಕನೆಂದು ಕರೆಯುವುದು ದೇವರನ್ನು ಒಪ್ಪದವನನ್ನಲ್ಲ, ವೇದವನ್ನು ನಿಂದಿಸಿದವನನ್ನು. ಅಂಥವನನ್ನು ಸಜ್ಜನರು ಹೊರಗೆ ಹಾಕಬೇಕು ಅನ್ನುತ್ತದೆ. ಸಾಂಖ್ಯದವರು ಸೃಷ್ಟಿಕರ್ತ ಈಶ್ವರನ ಹಂಗಿಲ್ಲದೆ ಜಗತ್ತನ್ನು ವಿವರಿಸಿದರು. ಮೀಮಾಂಸಕರು ವೇದಕ್ಕೆ ಕರ್ತೃವೇ ಇಲ್ಲ, ಜಗತ್ತಿಗೂ ಸೃಷ್ಟಿಕರ್ತ ಬೇಕಿಲ್ಲ ಎಂದರು. ಆದರೂ ಇಬ್ಬರೂ ಆಸ್ತಿಕರ ಪಟ್ಟಿಯಲ್ಲೇ ಉಳಿದರು, ಏಕೆಂದರೆ ವೇದದ ಅಧಿಕಾರವನ್ನು ಅವರು ಮುಟ್ಟಲಿಲ್ಲ. ಅದನ್ನು ಮುಟ್ಟಿದ ಬೌದ್ಧರು, ಜೈನರು, ಲೋಕಾಯತರು ನಾಸ್ತಿಕರಾದರು. ಹನ್ನೆರಡನೇ ಶತಮಾನದ ನಮ್ಮ ಶರಣರು ಶಿವನನ್ನು ಎದೆಯ ತುಂಬ ನಂಬಿದವರು. ಆದರೆ ಮನುವಿನ ಅಳತೆಗೋಲು ಹಿಡಿದರೆ ಅವರಲ್ಲೂ ಎಷ್ಟೋ ಜನ ನಾಸ್ತಿಕರೇ!

ಅಂದರೆ ಏನಾಯ್ತು? ಈ ದೇಶದಲ್ಲಿ ಜಗಳ ನಡೆದದ್ದು ದೇವರು ಇದ್ದಾನೋ ಇಲ್ಲವೋ ಎಂಬುದಕ್ಕಲ್ಲ. ಯಾರ ಮಾತು ನಡೀಬೇಕು ಅನ್ನೋದಕ್ಕೆ. ದೇವರನ್ನು ಬಿಟ್ಟರೂ ನಡೆಯುತ್ತಿತ್ತು, ಮೇಲುಕೀಳಿನ ಏಣಿಗೆ ಸಾಕ್ಷಿ ಹೇಳುವ ಗ್ರಂಥವನ್ನು ಬಿಟ್ಟರೆ ನಡೆಯುತ್ತಿರಲಿಲ್ಲ.

ಲೋಕಾಯತರ ಮೂಲ ಗ್ರಂಥಗಳು ನಮ್ಮ ಕೈಗೆ ಉಳಿದು ಬಂದಿಲ್ಲ. ಅವರು ಏನು ಹೇಳಿದರು ಎಂದು ನಮಗೆ ಬಹುಪಾಲು ತಿಳಿದಿರುವುದು ಅವರ ವೈರಿಗಳ ಬಾಯಿಂದ. ವಿಜಯನಗರ ಕಾಲದ, ಹದಿನಾಲ್ಕನೇ ಶತಮಾನದ ಸರ್ವದರ್ಶನಸಂಗ್ರಹ ಶುರುವಾಗುವುದೇ ಚಾರ್ವಾಕರನ್ನು ಮೊದಲು ನಿಲ್ಲಿಸಿ ಆಮೇಲೆ ಬೀಳಿಸುವುದಕ್ಕೆ. ತನ್ನ ಪುಸ್ತಕವನ್ನೇ ಕಾಪಾಡಿಕೊಳ್ಳಲಾಗದವನನ್ನು 'ನಿನ್ನದೂ ಒಂದು ಮತ' ಅನ್ನೋದು ಎಂಥ ನ್ಯಾಯ?

ಇನ್ನೊಂದು ಮಾತಿದೆ, ಅದನ್ನು ನಾವೇ ಹೇಳಬೇಕು. ಆಸ್ತಿಕರ ಪಟ್ಟಿಯಲ್ಲೂ ನಾವಿರಲಿಲ್ಲ, ನಾಸ್ತಿಕರ ಪಟ್ಟಿಯಲ್ಲೂ ಇರಲಿಲ್ಲ. ವೇದವನ್ನು ಕೇಳುವುದಕ್ಕೇ ಬಿಡದವನು ಅದನ್ನು ನಿಂದಿಸುವುದು ಹೇಗೆ? 'ಇಲ್ಲ' ಅನ್ನೋದಕ್ಕೂ ಒಂದು ಹಕ್ಕು ಬೇಕು. ಆ ಹಕ್ಕನ್ನೂ ನಮಗೆ ಕೊಟ್ಟಿರಲಿಲ್ಲ. ನಮ್ಮ ಪಾಲಿಗೆ ನಾಸ್ತಿಕತೆ ನಂಬಿಕೆ ಕಳೆದುಕೊಂಡವರ ಬೇಸರವಲ್ಲ. ಮೊದಲ ಸಲ ಬಾಯಿ ಬಂದವನ ಮಾತು ಅದು.

ಇಪ್ಪತ್ತನೇ ಶತಮಾನದಲ್ಲಿ ಆ ಮಾತನ್ನು ಮೂವರು ಮೂರು ರೀತಿಯಲ್ಲಿ ಆಡಿದರು. ಅವ್ವನ ಪ್ರಶ್ನೆಯನ್ನು ಈ ಮೂವರ ಮುಂದೆ ಇಟ್ಟು ನೋಡೋಣ. ದೇವರ ಜಾಗದಲ್ಲಿ ಇವರು ಏನಿಟ್ಟರು?

ಮೊದಲನೆಯವರು ಪೆರಿಯಾರ್. 1925ರಲ್ಲಿ ಆತ್ಮಗೌರವ ಚಳವಳಿ ಕಟ್ಟಿದರು. 1953ರಲ್ಲಿ ಪಿಳ್ಳೈಯಾರ್ ವಿಗ್ರಹಗಳನ್ನು ಬೀದಿಯಲ್ಲಿ ಒಡೆಸಿದರು. ಎಲ್ಲರಿಗೂ ನೆನಪಿರುವುದು ಈ ಒಡೆದ ಕತೆ. ಆದರೆ ಅವರು ಕಟ್ಟಿದ್ದು ಮದುವೆಯನ್ನು. ಪುರೋಹಿತನಿಲ್ಲ, ಮಂತ್ರವಿಲ್ಲ, ಬೆಂಕಿಯಿಲ್ಲ. ಗಂಡು ಹೆಣ್ಣು ಜನರ ಮುಂದೆ ನಿಂತು ಹಾರ ಬದಲಿಸಿಕೊಂಡರೆ ಮುಗಿಯಿತು. ಈ ಮದುವೆಗಳಿಗೆ ಎಷ್ಟೋ ವರ್ಷ ಕಾನೂನಿನ ಬಲವಿರಲಿಲ್ಲ. ಅಣ್ಣಾದೊರೆ ಸರ್ಕಾರ 1967ರಲ್ಲಿ ತಿದ್ದುಪಡಿ ತಂದು, ಅದು 1968ರಲ್ಲಿ ಜಾರಿಗೆ ಬಂತು. ತಿದ್ದಿದ್ದು ಯಾವ ಕಾಯಿದೆಯನ್ನು ಗೊತ್ತೇ? ಹಿಂದೂ ವಿವಾಹ ಕಾಯಿದೆಯನ್ನು! ದೇವರಿಲ್ಲದ ಮದುವೆಗೂ ಕಾನೂನು ಜಾಗ ಕೊಟ್ಟಿದ್ದು ಹಿಂದೂ ಮನೆಯ ಪಡಸಾಲೆಯಲ್ಲಿ.

ಅದೇ 1968ರ ಡಿಸೆಂಬರ್ 25ರ ರಾತ್ರಿ, ಆ ಚಳವಳಿಯಿಂದ ಕವಲೊಡೆದು ಬಂದ ಪಕ್ಷವೇ ಆಳುತ್ತಿದ್ದಾಗ, ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ 44 ಜನ ದಲಿತರನ್ನು ಸುಟ್ಟು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಅವರ ಜನ ಕೇಳಿದ್ದು ದೇವರನ್ನಲ್ಲ, ಕೂಲಿಗೆ ಇನ್ನಷ್ಟು ಭತ್ತವನ್ನು. ಭೂಮಾಲೀಕರು ಕೊನೆಗೆ ಹೈಕೋರ್ಟಿನಲ್ಲಿ ಬಿಡುಗಡೆಯಾದರು. ಗುಡಿಯ ದೇವರನ್ನು ಇಳಿಸಿದರೂ ಗದ್ದೆಯ ದೇವರು ಇಳಿದಿರಲಿಲ್ಲ. ಪೆರಿಯಾರ್ ಅವರನ್ನು ಸಣ್ಣವರು ಮಾಡಲು ನಾವು ಇದನ್ನು ಹೇಳುತ್ತಿಲ್ಲ. ಅವರ ಹೆಗಲ ಮೇಲೆ ನಿಂತೇ ಹೇಳುತ್ತಿದ್ದೇವೆ. 'ಇಲ್ಲ' ಅನ್ನೋದು ಭೂಮಿಯವರೆಗೆ ಹೋಗದಿದ್ದರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ.

ಎರಡನೆಯವರು ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್. ಬ್ರಾಹ್ಮಣ ಮನೆಯಲ್ಲಿ ಹುಟ್ಟಿ, ಸಸ್ಯಶಾಸ್ತ್ರ ಪಾಠ ಹೇಳುತ್ತಿದ್ದವರು. ದೇವರಿಲ್ಲ ಎಂದಿದ್ದಕ್ಕೆ ಕಾಲೇಜಿನ ಕೆಲಸ ಹೋಯಿತು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ಹೆಂಡತಿ ಸರಸ್ವತಿಯವರ ಜೊತೆ ನಾಸ್ತಿಕ ಕೇಂದ್ರ ತೆರೆದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ಅಲ್ಲಿ ಅವರು ಮಾಡಿದ ದೊಡ್ಡ ಕೆಲಸ ವಾದವಲ್ಲ, ಊಟ. ಎಲ್ಲ ಜಾತಿಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣ್ಣುವುದು. ಗಾಂಧಿಯವರ ಹತ್ತಿರ ಹೋಗಿ ದೇವರ ವಿಷಯಕ್ಕೆ ಜಗಳವಾಡಿದರು, ಅಸ್ಪೃಶ್ಯತೆಯ ವಿಷಯಕ್ಕೆ ಕೈಜೋಡಿಸಿದರು. ತಮ್ಮ ಹಿರಿಯ ಮಗಳು ಮನೋರಮಾ ಅವರನ್ನು ದಲಿತ ಯುವಕ ಅರ್ಜುನರಾವ್ ಅವರಿಗೆ ಮದುವೆ ಮಾಡಿದರು. ಗಾಂಧಿ ಕೊಲೆಯಾದ ಮೇಲೆ, 1948ರಲ್ಲಿ, ಸೇವಾಗ್ರಾಮದಲ್ಲಿ ಆ ಮದುವೆ ನಡೆಯಿತು.

ನಮ್ಮಂಥ ಪದ್ಯ ಬರೆಯುವವರಿಗೆ ಬಹಳ ಹತ್ತಿರವಾದ ಸಂಗತಿ ಇನ್ನೊಂದಿದೆ. ಗೋರಾ ಮಗ ಲವಣಂ ಮದುವೆಯಾದದ್ದು ತೆಲುಗಿನ ದಲಿತ ಮಹಾಕವಿ ಗುರ್ರಂ ಜಾಷುವಾ ಅವರ ಮಗಳು ಹೇಮಲತಾ ಅವರನ್ನು. ಈ ದಂಪತಿ ನಿಜಾಮಾಬಾದ್ ಕಡೆ ಜೋಗಿನಿಯರ ನಡುವೆ ಕೆಲಸ ಮಾಡಿದರು. ದೇವರ ಹೆಸರಲ್ಲಿ ಬಿಡುತ್ತಿದ್ದದ್ದು ನಮ್ಮ ಕೇರಿಗಳ ಹೆಣ್ಣುಮಕ್ಕಳನ್ನೇ. ಕರ್ನಾಟಕದಲ್ಲಿ ದೇವದಾಸಿ ನಿಷೇಧದ ಕಾಯಿದೆ ಬಂದದ್ದು 1982ರಲ್ಲಿ, ಆಂಧ್ರದಲ್ಲಿ 1988ರಲ್ಲಿ. ಕಾಯಿದೆ ಬಂದ ಮಾತ್ರಕ್ಕೆ ಮುತ್ತು ಕಟ್ಟುವುದು ನಿಲ್ಲಲಿಲ್ಲ. ಮನೆಮನೆಗೆ ಹೋಗುವ ಕಾಲುಗಳು ಬೇಕಾದವು.

ಮೂರನೆಯವರು ಬಾಬಾಸಾಹೇಬರು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಬಾಗಿಲಲ್ಲಿ ಸತ್ಯಾಗ್ರಹ ಶುರುವಾಯಿತು. ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಆಮೇಲೆ ಇಪ್ಪತ್ತೊಂದು ವರ್ಷ ಯೋಚನೆ ಮಾಡಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬುದ್ಧನ ದಾರಿ ಹಿಡಿದರು. ಅವರು ಜನರಿಂದ ಮಾಡಿಸಿದ 22 ಪ್ರತಿಜ್ಞೆಗಳಲ್ಲಿ ಮೊದಲನೆಯದೇ ತ್ರಿಮೂರ್ತಿಗಳನ್ನು ಒಪ್ಪುವುದಿಲ್ಲ ಅನ್ನೋದು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ದೇವರನ್ನು ಬಿಟ್ಟ ಅಂಬೇಡ್ಕರ್ ಬರೀ ನಾಸ್ತಿಕ ಎಂದು ಯಾಕೆ ಹೇಳಿಕೊಳ್ಳಲಿಲ್ಲ? ಅವರು ತೀರಿಹೋದ ಮೇಲೆ 1957ರಲ್ಲಿ ಅಚ್ಚಾದ 'ಬುದ್ಧ ಮತ್ತು ಆತನ ಧಮ್ಮ' ಪುಸ್ತಕದಲ್ಲಿ ಉತ್ತರವಿದೆ. ಧರ್ಮ ಮನುಷ್ಯನಿಗೂ ದೇವರಿಗೂ ನಡುವಿನ ಖಾಸಗಿ ಮಾತು, ಧಮ್ಮ ಮನುಷ್ಯನಿಗೂ ಮನುಷ್ಯನಿಗೂ ನಡುವಿನ ನಡತೆ ಎಂದು ಅವರು ಬೇರೆ ಮಾಡಿ ತೋರಿಸಿದರು. ಅವ್ವ ಕೇಳಿದ ಪ್ರಶ್ನೆ ಅವರಿಗೂ ಕೇಳಿಸಿತ್ತು ಅಂತ ನಮಗನ್ನಿಸುತ್ತದೆ. ಒಬ್ಬನೇ ಮನುಷ್ಯ ಬರೀ 'ಇಲ್ಲ' ಎಂದುಕೊಂಡು ಬದುಕಿಬಿಡಬಹುದು. ಒಂದು ಇಡೀ ಜನಾಂಗಕ್ಕೆ ಹುಟ್ಟಿಗೆ, ಮದುವೆಗೆ, ಸಾವಿಗೆ ಜೊತೆಗೆ ನಿಲ್ಲುವ ಒಂದು ಕಟ್ಟು ಬೇಕು.

ಇದನ್ನೆಲ್ಲ ನಮ್ಮ ನೆಲಕ್ಕೆ ತಂದು ನೋಡಿದರೆ ಪಾಠ ಇನ್ನೂ ಖಾರವಾಗಿದೆ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಅನ್ನೋದು ಅವರ ಪಾಠ. ಅದು ನಂಬಿಕೆಯಲ್ಲ, ವಿಧಾನ. ಪರೀಕ್ಷೆಯಲ್ಲಿ ಗೆದ್ದರೆ ಪವಾಡವನ್ನೂ ಒಪ್ಪಲು ಆ ವಿಧಾನ ತಯಾರಿದೆ. ಯಾವ ಮಠ ತನ್ನ ದೇವರನ್ನು ಹೀಗೆ ಪರೀಕ್ಷೆಗೆ ಕಳಿಸುತ್ತದೆ ಹೇಳಿ?

ಆದರೆ ಹತ್ತು ವರ್ಷ ಕಳೆದು 1986ರ ಮಾರ್ಚಿಯಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಏನಾಯಿತು? ರೇಣುಕಾಂಬೆಯ ಬೆತ್ತಲೆ ಸೇವೆ ತಡೆಯಲು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಹೋದರು. ಭಕ್ತರ ಗುಂಪು ಅವರ ಮೇಲೆ, ಪೊಲೀಸರ ಮೇಲೆ ಬಿದ್ದು ಹೊಡೆಯಿತು, ಪೊಲೀಸರ ಬಟ್ಟೆ ಕಿತ್ತಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಹೋರಾಟ ನ್ಯಾಯದ್ದು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಬೆತ್ತಲೆ ಹರಕೆ ಹೊತ್ತವರಲ್ಲೂ ನಮ್ಮವರಿದ್ದರು, ತಡೆಯಲು ಹೋದವರೂ ನಮ್ಮವರೇ. ಅವ್ವನ ಪರವಾಗಿ 'ಇಲ್ಲ' ಅನ್ನೋದಕ್ಕಿಂತ ಅವ್ವನೇ 'ಇಲ್ಲ' ಅನ್ನೋ ಹಾಗೆ ಮಾಡೋದು ಕಷ್ಟದ ಕೆಲಸ. ಆ ಕಷ್ಟಕ್ಕೆ ಹೆದರಿ ನಾವು ಆಜ್ಞೆ ಮಾಡಲು ಶುರು ಮಾಡಿದರೆ, ಆವತ್ತು ಮೇಲಿನ ಬೀದಿಯವನ ಮಾತು ನಿಜವಾಗುತ್ತದೆ. ನಮ್ಮ ನಾಸ್ತಿಕತೆಯೂ ಒಂದು ಪುರೋಹಿತಶಾಹಿಯಾಗುತ್ತದೆ.

ನಮ್ಮ ಮನೆಗಳಲ್ಲಿ ಬಾಬಾಸಾಹೇಬರ ಫೋಟೋಗೆ ಊದುಬತ್ತಿ ಹಚ್ಚುವವರಿದ್ದಾರೆ. ನಗರದ ವಿಚಾರವಾದಿ ಗೆಳೆಯರು ಇದನ್ನು ನೋಡಿ ನಗುತ್ತಾರೆ. ನಮಗೆ ನಗು ಬರುವುದಿಲ್ಲ. ಮುಟ್ಟಬೇಡ ಎಂದು ಯಾರೂ ಹೇಳದ ಒಂದೇ ಪಟ ಅವ್ವನ ಪಾಲಿಗೆ ಅದು. ಆದರೂ ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಮಾಡುತ್ತದೆ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರೂ ಅವರೇ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ನಮ್ಮ ತಲೆಮಾರಿನ ಕೆಲಸ.

ಕೊನೆಗೆ ಒಂದು ಸರ್ಕಾರಿ ಕಾಗದದ ಮಾತು. ಮೇಷ್ಟ್ರುಗಳೇ, ನೀವು ಮಕ್ಕಳ ದಾಖಲಾತಿ ಫಾರಂ ತುಂಬುವಾಗ 'ಧರ್ಮ' ಅನ್ನೋ ಕಾಲಂ ಬಳಿ ಪೆನ್ನು ನಿಲ್ಲಿಸಿದ್ದೀರಾ? ನಾವು ನಿಲ್ಲಿಸಿದ್ದೇವೆ. ನಮ್ಮ ಫಾರಂ ತುಂಬಿದವರು ನಮ್ಮನ್ನು ಕೇಳಲೇ ಇಲ್ಲ. ಯಾವ ಗುಡಿಯೊಳಕ್ಕೂ ಬಿಡದವರು ಕಾಗದದೊಳಕ್ಕೆ ಮಾತ್ರ ಕೇಳದೇ ಸೇರಿಸಿಕೊಂಡಿದ್ದರು. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. 2014ರಲ್ಲಿ ಬಾಂಬೆ ಹೈಕೋರ್ಟು, ತನಗೆ ಧರ್ಮವಿಲ್ಲ ಎಂದು ಹೇಳಿಕೊಳ್ಳುವುದೂ ಅದೇ ಹಕ್ಕು, ಧರ್ಮ ಹೇಳು ಎಂದು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದಿತು. ಆದರೆ 1950ರ ಪರಿಶಿಷ್ಟ ಜಾತಿಗಳ ಆದೇಶ ಬೇರೆ ಮಾತಾಡುತ್ತದೆ. ಹಿಂದೂ ಅಲ್ಲದ ಬೇರೆ ಧರ್ಮ ಹೇಳಿಕೊಂಡವನು ಪರಿಶಿಷ್ಟ ಜಾತಿಯವನಲ್ಲ ಅನ್ನುತ್ತದೆ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಅದೇ ವರ್ಷ ಬುದ್ಧನ ಬಳಿ ಹೋದವರು ಈ ಪಟ್ಟಿಗೆ ಸೇರಲು 1990ರವರೆಗೆ ಕಾದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು.

'ನಾಸ್ತಿಕತೆಯೂ ಒಂದು ಧರ್ಮವೇ' ಅನ್ನುವವನ ಮಾತನ್ನು ಈಗ ಈ ಆದೇಶದ ಪಕ್ಕ ಇಟ್ಟು ನೋಡಿ. ಅದು ಧರ್ಮವೇ ಆದರೆ, ದೇವರನ್ನು ಬಿಟ್ಟ ನಮ್ಮ ಹುಡುಗ 'ಬೇರೆ ಧರ್ಮ' ಹಿಡಿದ ಹಾಗಾಗುತ್ತದೆ. ಅವನ ವಿದ್ಯಾರ್ಥಿವೇತನ, ಹಾಸ್ಟೆಲು, ನೌಕರಿಗಳ ಮೇಲೆ ಕತ್ತಿ ತೂಗುತ್ತದೆ. ದೇವರನ್ನು ಬಿಟ್ಟರೂ ಕೇರಿ ಅವನನ್ನು ಬಿಡುವುದಿಲ್ಲ, ಹೋಟೆಲಿನ ಬೇರೆ ಲೋಟ ಅವನನ್ನು ಬಿಡುವುದಿಲ್ಲ. ಚಹಾದಂಗಡಿಯ ವಾದ ಬರೀ ಮಾತಿನ ಆಟವಲ್ಲ ಅಂತ ನಾವು ಹೇಳೋದು ಇದಕ್ಕೇ.

ಆದ್ದರಿಂದ ಮೇಲಿನ ಬೀದಿಯವನಿಗೆ ನಮ್ಮ ಉತ್ತರ ಇಷ್ಟೇ. ನಮ್ಮದು ಮತವಲ್ಲ. ಅದಕ್ಕೆ ಗ್ರಂಥವಿಲ್ಲ, ಗುರುವಿಲ್ಲ, ಮಡಿ ಮೈಲಿಗೆಯಿಲ್ಲ, ಹುಟ್ಟಿನಿಂದ ಯಾರಿಗೂ ಬರುವುದಿಲ್ಲ. ಬೇಡದ ಹೊರೆಯನ್ನು ಇಳಿಸಿದವನಿಗೆ 'ನೀನು ಹೊತ್ತಿರೋದೂ ಒಂದು ಹೊರೆಯೇ' ಅನ್ನಬೇಡ.

ಅವ್ವನಿಗೆ ಕೊಡುವ ಉತ್ತರ ಮಾತಿನಲ್ಲಿ ಮುಗಿಯುವುದಿಲ್ಲ. ಪುರೋಹಿತನಿಲ್ಲದ ಮದುವೆ, ಒಂದೇ ಪಂಕ್ತಿಯ ಊಟ, ಕೂಲಿಯ ಭತ್ತ, ಮುತ್ತು ಕಟ್ಟದ ಮಗಳು. ಆ ಜಾಗದಲ್ಲಿ ನಾವು ಇಡಬೇಕಾದ್ದು ಇವನ್ನೇ. ಇವನ್ನು ಇಡುವ ತನಕ ಮಾರಮ್ಮನ ಮುಂದೆ ನಿಂತು ಬೈಯುವ ಹಕ್ಕು ಅವ್ವನಿಗೆ ಇರಲಿ. ನಾವೂ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತೇವೆ. ಆ ಬೈಗುಳದಲ್ಲಿ ಅರ್ಧಕ್ಕಿಂತ ಹೆಚ್ಚು ಮಾತು ಊರಗೌಡನಿಗೆ ಸೇರಬೇಕಾದ್ದು ಅಂತ ಅವ್ವನಿಗೂ ಗೊತ್ತು.