ಬ್ರಾನ್ ಕೋಟೆ: ಸುಂಕದ ಕಟ್ಟೆಗೆ ಅಂಟಿದ ರಕ್ತಪಿಶಾಚಿ

ಡ್ರಾಕುಲಾನ ಹೆಸರು ಕೇಳದ ವಿದ್ಯಾರ್ಥಿ ಇಂದು ಅಪರೂಪ. ರಾತ್ರಿ ಎದ್ದು ಮನುಷ್ಯರ ರಕ್ತ ಹೀರುವ ಆ ದೊರೆಯ ಮನೆಯೆಂದು ರೊಮೇನಿಯ ದೇಶದ ಬ್ರಾನ್ ಕೋಟೆಯನ್ನು ತೋರಿಸುತ್ತಾರೆ. ದಾಖಲೆಗಳು ಹೇಳುವ ಕಥೆಯೇ ಬೇರೆ.

1377ರ ನವೆಂಬರ್ 19ರಂದು ಹಂಗೇರಿಯ ದೊರೆ ಒಂದನೆಯ ಲೂಯಿ, ಬ್ರಾಶೋವ್ ಪಟ್ಟಣದ ಸ್ಯಾಕ್ಸನ್ ಜನರಿಗೆ ಒಂದು ಸನ್ನದು ಕೊಟ್ಟ. ತಮ್ಮ ಖರ್ಚಿನಲ್ಲಿ, ತಮ್ಮ ದುಡಿಮೆಯಿಂದ ಅವರು ಇಲ್ಲೊಂದು ಕಲ್ಲಿನ ಕೋಟೆ ಕಟ್ಟಬಹುದು ಎಂಬುದು ಅದರ ಸಾರ. ಟ್ರಾನ್ಸಿಲ್ವೇನಿಯ ಮತ್ತು ವಲಾಚಿಯ ನಾಡುಗಳ ನಡುವಿನ ಕಣಿವೆಯ ದಾರಿಯನ್ನು ಕಾಯುತ್ತ ಬಂಡೆಯ ನೆತ್ತಿಯ ಮೇಲೆ ಕೋಟೆ ಎದ್ದಿತು. ಸರಕಿನ ಗಾಡಿಗಳು ಇಲ್ಲಿ ಸುಂಕ ತೆತ್ತು ಮುಂದೆ ಹೋಗಬೇಕಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲವೆಂಬ ನಮ್ಮ ಗಾದೆ ಅಲ್ಲಿಯ ವರ್ತಕರಿಗೂ ಒಪ್ಪಿಗೆಯಾಗುತ್ತಿತ್ತೇನೋ!

ಹಾಗಾದರೆ ಡ್ರಾಕುಲಾ ಎಲ್ಲಿಂದ ಬಂದ? 15ನೆಯ ಶತಮಾನದಲ್ಲಿ ವಲಾಚಿಯವನ್ನು ಆಳಿದ ಮೂರನೆಯ ವ್ಲಾಡನಿಗೆ ಆ ಉಪನಾಮವಿತ್ತು. ಶತ್ರುಗಳನ್ನು ಶೂಲಕ್ಕೇರಿಸುವುದರಲ್ಲಿ ಆತ ಕುಖ್ಯಾತ. ಬ್ರಾಶೋವ್ ವರ್ತಕರಿಗೂ ಅವನಿಗೂ ಕಡುವೈರ. ಅವನ ಕ್ರೌರ್ಯದ ಕಥೆಗಳು ಜರ್ಮನ್ ಭಾಷೆಯಲ್ಲಿ ಅಚ್ಚಾಗಿ ಊರೂರಿಗೆ ಹರಡಿದವು. ಆದರೆ ಅವನು ಬ್ರಾನ್‌ನಲ್ಲಿ ವಾಸವಾಗಿದ್ದನೆಂಬುದಕ್ಕೆ ಆಧಾರವಿಲ್ಲ. 1897ರಲ್ಲಿ 'ಡ್ರಾಕುಲಾ' ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ರೊಮೇನಿಯಕ್ಕೆ ಕಾಲಿಟ್ಟವನೇ ಅಲ್ಲ. ಆ ಹೆಸರು ಅವನಿಗೆ ಸಿಕ್ಕಿದ್ದು ಇಂಗ್ಲೆಂಡಿನ ಗ್ರಂಥಾಲಯದ ಪುಸ್ತಕವೊಂದರಲ್ಲಿ. ಸುತ್ತಲಿನ ಹಳ್ಳಿಗರಲ್ಲಿ ಮಾತ್ರ 'ಸ್ತ್ರಿಗೋಯ್' ಎಂಬ, ರಾತ್ರಿ ಅಲೆದು ಕಾಡುವ ಪ್ರೇತಗಳ ನಂಬಿಕೆ ಹಳೆಯದು. ಅದು ಅವರದೇ ಸೊತ್ತು, ಕಾದಂಬರಿಯದಲ್ಲ. ಕೋಟೆ ಕಟ್ಟಿದವರ ವೈರಿಯೇ ಇಂದು ಅದರ ಯಜಮಾನನೆನಿಸಿಕೊಂಡಿರುವುದು ನನಗಂತೂ ಅನ್ಯಾಯವೆನಿಸುತ್ತದೆ.

ನಿಜವಾಗಿ ಇಲ್ಲಿ ಬಾಳಿದವಳು ರಾಣಿ ಮೇರಿ. 1920ರಲ್ಲಿ ಬ್ರಾಶೋವ್ ನಗರ ಕೋಟೆಯನ್ನು ಅವಳಿಗೆ ಕಾಣಿಕೆಯಾಗಿ ಕೊಟ್ಟಿತು. ದುರಸ್ತಿಯ ಕಾಲದಲ್ಲಿ ಗೋಡೆಯೊಳಗೆ ಅಡಗಿದ್ದ ಮೆಟ್ಟಿಲ ದಾರಿಯೊಂದು ಹೊರಬಿತ್ತು. ಅದನ್ನು ಈಗಲೂ ಏರಬಹುದು. ಅವಳ ಮಗಳು ರಾಜಕುಮಾರಿ ಇಲಿಯಾನಾ ಎರಡನೆಯ ಮಹಾಯುದ್ಧದ ಸಮಯದಲ್ಲಿ ಬ್ರಾನ್‌ನಲ್ಲಿ ಗಾಯಾಳು ಸೈನಿಕರಿಗಾಗಿ ಆಸ್ಪತ್ರೆ ನಡೆಸಿದಳು. 1948ರಲ್ಲಿ ಕಮ್ಯುನಿಸ್ಟ್ ಸರ್ಕಾರ ಕೋಟೆಯನ್ನು ವಶಪಡಿಸಿಕೊಂಡಿತು, 1956ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. 2006ರಲ್ಲಿ ಇಲಿಯಾನಾಳ ಮಕ್ಕಳ ಕೈಗೆ ಮರಳಿತು. ವಸ್ತುಸಂಗ್ರಹಾಲಯ ಇಂದಿಗೂ ನಡೆಯುತ್ತಿದೆ.

ಕಟ್ಟುಕಥೆಗಿಂತ ವಿಚಿತ್ರವಾದ ನಿಜವೊಂದಿದೆ. 1938ರಲ್ಲಿ ಮೇರಿ ತೀರಿಕೊಂಡಾಗ, ಅವಳ ಇಚ್ಛೆಯಂತೆ ಹೃದಯವನ್ನು ಬೇರೆಯಾಗಿ ಕಪ್ಪು ಸಮುದ್ರದ ತೀರದ ಬಾಲ್ಚಿಕ್‌ನಲ್ಲಿ ಇಟ್ಟರು. ಎರಡು ವರ್ಷಗಳಲ್ಲಿ ಆ ಊರು ಬಲ್ಗೇರಿಯದ ಪಾಲಾಯಿತು. ಹೃದಯದ ಪೆಟ್ಟಿಗೆ ಬ್ರಾನ್‌ಗೆ ಬಂತು. ಮುಂದೆ ಅದು ಬುಕಾರೆಸ್ಟ್‌ನ ವಸ್ತುಸಂಗ್ರಹಾಲಯ ಸೇರಿ, 2015ರಲ್ಲಿ ಅವಳು ಕೊನೆಯುಸಿರೆಳೆದ ಪೆಲಿಶೋರ್ ಅರಮನೆಗೆ ಮರಳಿತು.